ಕ್ಯಾಲಥಿಯಾ ಎಲೆಯ ಅಂಚು ಒಣಗುತ್ತಿತ್ತು, ನಾನು ನೀರು ಸುರಿಯುತ್ತಲೇ ಇದ್ದೆ

ಸಂಜೆ ಬೆಳಕು ಇಳಿಯುತ್ತಿದ್ದಂತೆ ಮನೆಯೊಳಗೆ ಕುಂಡದಲ್ಲಿ ಬೆಳೆಸಿರುವ ನನ್ನ ಕ್ಯಾಲಥಿಯಾ ಗಿಡದ ಎಲೆಗಳು ಒಂದೊಂದಾಗಿ ಮೇಲಕ್ಕೆ ಏಳುತ್ತವೆ. ಮನೆಯಲ್ಲಿ ಸದ್ದಿಲ್ಲದಿದ್ದರೆ ಒಂದು ಎಲೆ ಇನ್ನೊಂದಕ್ಕೆ ಉಜ್ಜುವುದೂ ಕೇಳಿಸುತ್ತದೆ. ಬೆಳಗ್ಗೆ ನೋಡಿದರೆ ಮತ್ತೆ ಅಗಲವಾಗಿ ಹರಡಿಕೊಂಡಿರುತ್ತವೆ. ತೊಟ್ಟು ಎಲೆಗೆ ಸೇರುವ ಕಡೆ ಸ್ವಲ್ಪ ಊದಿಕೊಂಡ ಗಂಟಿನಂಥ ಜಾಗವಿದೆ, ಅಲ್ಲಿನ ಜೀವಕೋಶಗಳಲ್ಲಿ ನೀರು ತುಂಬಿ ಇಳಿಯುವುದರಿಂದ ಈ ಚಲನೆ. ಇದನ್ನು ನೋಡಿಯೇ ನಾನು ಈ ಗಿಡಕ್ಕೆ ಮನಸೋತಿದ್ದು.

ಮೊದಲು ತಂದಿದ್ದು ಮಕೋಯಾನಾ ಅನ್ನೋ ಕ್ಯಾಲಥಿಯಾ ಜಾತಿ. ತೆಳು ಹಸಿರಿನ ಮೇಲೆ ಕಡು ಹಸಿರು ಬಣ್ಣದಲ್ಲಿ ನವಿಲುಗರಿಯಂತೆ ಚಿತ್ತಾರ, ಎಲೆ ತಿರುಗಿಸಿದರೆ ಹಿಂದೆಲ್ಲ ನೇರಳೆ. 2012ರಲ್ಲಿ ಸಸ್ಯತಜ್ಞರು ಇದನ್ನೂ ಇದರ ಜೊತೆಯ ಬಹಳಷ್ಟು ಗಿಡಗಳನ್ನೂ ಗೋಪರ್ಟಿಯಾ ಅನ್ನೋ ಗುಂಪಿಗೆ ಸೇರಿಸಿದರು. ಆದರೆ ಗಿಡ ಬೆಳೆಸುವವರ ಬಾಯಲ್ಲಿ ಇನ್ನೂ ಕ್ಯಾಲಥಿಯಾನೇ.

ಎರಡು ತಿಂಗಳಿಗೆ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಣಗಿದೆ ಅಂದರೆ ನೀರು ಸಾಲುತ್ತಿಲ್ಲ ಅಂತ ತಿಳಿದು ದಿನಾ ನೀರು ಹಾಕಿದೆ. ಅಂಚು ಇನ್ನೂ ಜಾಸ್ತಿ ಒಣಗಿತು, ಕೆಳಗಿನ ಎಲೆಗಳು ಹಳದಿಯಾದವು. ಕೊನೆಗೆ ಗಿಡವನ್ನು ಕುಂಡದಿಂದ ಹೊರಗೆ ತೆಗೆದಾಗ ಕೊಳೆತ ವಾಸನೆ ಬಂತು, ಅರ್ಧ ಬೇರು ಕಪ್ಪಾಗಿ ಮೆತ್ತಗಾಗಿತ್ತು, ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು. ಬೇರುಗಳೇ ಇಲ್ಲದ ಮೇಲೆ ಗಿಡ ನೀರು ಕುಡಿಯುವುದು ಹೇಗೆ? ಒದ್ದೆ ಮಣ್ಣಿನಲ್ಲಿ ನಿಂತೇ ಅದು ಬಾಯಾರಿತ್ತು.

ಕೊಳೆತ ಬೇರನ್ನೆಲ್ಲ ಕತ್ತರಿಸಿ ಸಣ್ಣ ಕುಂಡಕ್ಕೆ ಹಾಕಿದೆ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿರಲು ಬೆರೆಸುವ ಹಗುರವಾದ ಬಿಳಿ ಹರಳು), ಸ್ವಲ್ಪ ಎರೆಗೊಬ್ಬರ, ಇಷ್ಟೇ ಮಿಶ್ರಣ. ಕೊಕೊಪೀಟ್ ಅನ್ನು ಮೊದಲೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ಹಿಂಡಿಕೊಳ್ಳಿ, ಅದರಲ್ಲಿ ಉಪ್ಪು ಇರುತ್ತದೆ. ಈಗ ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣು ಆರಿದ ಮೇಲೆ ಮಾತ್ರ ನೀರು. ಕುಂಡ ಎತ್ತಿ ನೋಡಿದರೂ ಗೊತ್ತಾಗುತ್ತದೆ, ಹಗುರಾಗಿದ್ದರೆ ಸಮಯ ಬಂತು ಅಂತ. ನಿಜವಾಗಿ ಬಾಯಾರಿದಾಗ ಎಲೆ ಉದ್ದಕ್ಕೂ ಒಳಗೆ ಸುರುಳಿಯಾಗುತ್ತದೆ. ಅದೇ ಬೇರೆ, ಅಂಚು ಸುಡುವುದೇ ಬೇರೆ.

ಬೇರು ಸರಿಹೋದರೂ ಹೊಸ ಎಲೆಗಳ ಅಂಚು ಕಂದಾಗುವುದು ನಿಲ್ಲಲಿಲ್ಲ. ಆಗಲೇ ಎಷ್ಟು ನೀರು ಅನ್ನೋದು ಬಿಟ್ಟು ಎಂಥ ನೀರು ಅಂತ ಯೋಚಿಸಿದ್ದು. ಕ್ಯಾಲಥಿಯಾಗೆ ಗಡಸು ನೀರಿನ ಲವಣ, ಫ್ಲೋರೈಡ್ ಎರಡೂ ಆಗಿಬರುವುದಿಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಅದರ ಜೊತೆ ಬಂದ ಲವಣ ತುದಿಯಲ್ಲೇ ಉಳಿದು ಸುಡುತ್ತದೆ. ನಲ್ಲಿ ನೀರನ್ನು ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟರೆ ಸರಿಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ, ನಾನೂ ಮಾಡಿದೆ. ಹಾಗೆ ಇಟ್ಟರೆ ಕ್ಲೋರಿನ್ ಹೋಗಬಹುದು, ಲವಣ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ಮಳೆ ನೀರು ಅಥವಾ ಆರ್‌ಓ ಫಿಲ್ಟರ್‌ನಿಂದ ಬಂದ ಶುದ್ಧ ನೀರು, ಇವೆರಡೇ ನನಗೆ ಕೆಲಸಕ್ಕೆ ಬಂದಿದ್ದು. ಗೊಬ್ಬರ ಜಾಸ್ತಿಯಾದರೂ ಇದೇ ತೊಂದರೆ, ಹಾಗಾಗಿ ಡಬ್ಬಿಯ ಮೇಲೆ ಬರೆದಿರುವುದರ ಅರ್ಧ ಮಾತ್ರ, ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ.

ಇವು ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡಗಳು. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಇಟ್ಟಿದ್ದೇನೆ, ಅಲ್ಲಿ ಹಗಲು ಲೈಟ್ ಹಾಕದೆ ಓದಬಹುದು, ಅಷ್ಟು ಬೆಳಕು ಸಾಕು. ಗಾಳಿಯಲ್ಲಿ ತೇವಾಂಶ ಶೇ. 60ರ ಆಸುಪಾಸಿನಲ್ಲಿದ್ದರೆ ಗಿಡ ಖುಷಿಯಾಗಿರುತ್ತದೆ. ಎಲೆಗೆ ದಿನಾ ನೀರು ಸಿಂಪಡಿಸುವುದು ಸುಮ್ನೆ, ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಮೇಲಾಗಿ ಎಲೆಗೆ ಕಲೆ ಬೀಳುತ್ತದೆ. ನಾಲ್ಕಾರು ಗಿಡಗಳನ್ನು ಒತ್ತೊತ್ತಾಗಿ ಇಟ್ಟಿದ್ದು ನನಗೆ ಅದಕ್ಕಿಂತ ಅನುಕೂಲವಾಯಿತು. ತೀರಾ ಒಣ ಹವೆ ಇರುವ ಕೋಣೆಯಾದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಯಂತ್ರ ಇಡುವುದೇ ಒಳ್ಳೆಯದು.

ಒಣ ಹವೆಯಲ್ಲಿ ಇನ್ನೊಂದು ಕಾಟ ಬರುತ್ತದೆ, ಜೇಡ ನುಸಿ. ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಬಿಳಿ ಚುಕ್ಕಿ ಕಂಡರೆ ತಕ್ಷಣ ಎಲೆ ತಿರುಗಿಸಿ ನೋಡಿ. ನೇರಳೆ ಬಣ್ಣದ ಮೇಲೆ ಧೂಳಿನಂತೆ ಕಾಣುವ ಕಣಗಳು ನಿಧಾನವಾಗಿ ಓಡಾಡುತ್ತಿರುತ್ತವೆ, ತೊಟ್ಟಿನ ಸಂದಿಯಲ್ಲಿ ನವಿರಾದ ಬಲೆ ಇರುತ್ತದೆ. ನಾನು ಒದ್ದೆ ಬಟ್ಟೆಯಿಂದ ಪ್ರತಿ ಎಲೆಯ ಎರಡೂ ಬದಿ ಒರೆಸಿ, ನಾಲ್ಕೈದು ದಿನಕ್ಕೊಮ್ಮೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿದೆ. ಒಂದೇ ಸಲಕ್ಕೆ ಬಿಡಬೇಡಿ, ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಮೂರು ವಾರ ಹಿಡಿಯಿತು.

ಒಂದು ಸಲ ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ಕಾಯಬೇಡಿ. ಹೊಸ ಎಲೆಯನ್ನು ನೋಡಿ. ಅದು ಬೀಡಿಯಂತೆ ಬಿಗಿಯಾಗಿ ಸುತ್ತಿಕೊಂಡು ಬರುತ್ತದೆ. ಬಿಡಿಸಲು ಕೈ ಹಾಕಬೇಡಿ, ಸಿಗಿದುಹೋಗುತ್ತದೆ, ನಾನು ಒಂದನ್ನು ಹಾಗೇ ಕಳೆದುಕೊಂಡೆ. ನೀರು ಬದಲಾಯಿಸಿದ ಮೇಲೆ ಬಂದ ಮೂರನೇ ಎಲೆ ಪೂರ್ತಿ ಬಿಚ್ಚಿಕೊಂಡಾಗ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದೆ. ಎಲ್ಲೂ ಗರಿಗರಿ ಇರಲಿಲ್ಲ.