ಮನೆಯ ಫೋನ್‌ನಲ್ಲೇ ಮಗುವಿಗೆ ಮೊದಲ ಓದು

ಮಗುವಿಗೆ ಕಣ್ಣು ಸರಿಯಾಗಿ ಕಾಣಲ್ಲ, ಮಾತು ಬಂದಿಲ್ಲ, ಕಲಿಕೆ ನಿಧಾನ ಅಂತ ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ಅಕ್ಷರದ ಆಸೆಯನ್ನೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಿಂದಲೇ ಶುರು ಮಾಡಬಹುದು.

ಆ್ಯಪ್ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಮಾರ್ಕರ್‌ನಿಂದ 'ರೊಟ್ಟಿ' ಅಂತ ಬರೆಯಿರಿ. ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ ಇಡಿ. ಪದದ ಕೆಳಗೆ ಬೆರಳು ಸರಿಸುತ್ತಾ, ನಿಧಾನವಾಗಿ ಹೇಳುತ್ತಾ, ಚಿಕ್ಕ ವಿಡಿಯೊ ಮಾಡಿ. ಹೀಗೇ ಅವ್ವ, ಎಮ್ಮೆ, ಬಳೆ, ಮನೆ. ಎಲ್ಲವನ್ನೂ ಗ್ಯಾಲರಿಯಲ್ಲಿ ಒಂದೇ ಆಲ್ಬಮ್‌ಗೆ ಹಾಕಿ. ದನಿ ಮನೆಯವರದ್ದೇ ಇರಲಿ, ತಾಂಡಾದ ಮಗುವಾದರೆ ಮೊದಲು ಲಂಬಾಣಿಯಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಹೇಳಿ, ಉರ್ದು ಅಥವಾ ಮರಾಠಿ ಮಾತಾಡುವ ಮನೆಯಲ್ಲೂ ಹಾಗೇ.

ಒತ್ತಕ್ಷರದ ಕಡೆ ಸ್ವಲ್ಪ ಗಮನ ಇರಲಿ. ಮಗುವಿಗೆ ತುಂಬಾ ಇಷ್ಟದ ಅವ್ವ, ರೊಟ್ಟಿ, ಎಮ್ಮೆ ಎಲ್ಲದರಲ್ಲೂ ಒತ್ತು ಇದೆ ಅಲ್ವಾ, ಅದು ಅಕ್ಷರದ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ದೃಷ್ಟಿ ಮಂದ ಇರುವ ಮಗುವಿಗೆ 'ವ' ಕಂಡರೂ ಕೆಳಗಿನ ಒತ್ತು ಕಾಣದೇ ಹೋಗಬಹುದು. ಹಾಗಾಗಿ ಒತ್ತು ಚೆನ್ನಾಗಿ ಕಾಣುವಷ್ಟು ಪದವನ್ನು ದೊಡ್ಡದು ಮಾಡಿ. ಬಣ್ಣ, ಹೂವಿನ ಅಂಚು ಏನೂ ಬೇಡ.

ಕಿವಿ ಕೇಳಿಸದ ಮಗುವಾದರೆ ಅದೇ ವಿಡಿಯೊದಲ್ಲಿ ಸನ್ನೆಯನ್ನೂ ಸೇರಿಸಿ. ಕೇಂದ್ರ ಸರ್ಕಾರದ ಸನ್ನೆ ಭಾಷಾ ಸಂಸ್ಥೆಯಾದ ಐಎಸ್‌ಎಲ್‌ಆರ್‌ಟಿಸಿಯ ಭಾರತೀಯ ಸನ್ನೆ ಭಾಷೆಯ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ವಿಡಿಯೊ ನೋಡಿಯೇ ಕಲಿಯಬಹುದು. ಮಾತು ಬಾರದ ಮಗು ಬೆರಳಿಟ್ಟು ತೋರಿಸಿದರೂ ಅದು ಓದೇ, ಬಾಯಿ ಬಿಟ್ಟು ಹೇಳು ಅಂತ ಒತ್ತಾಯ ಬೇಡ. ಪೂರ್ತಿ ಕಣ್ಣು ಕಾಣದ ಮಗುವಿಗೆ ಫೋನ್ ಕಥೆ ಕೇಳಿಸುತ್ತದೆ, ಆದರೆ ಅಕ್ಷರ ಕಲಿಯಲು ಬೆರಳಿನಿಂದ ಮುಟ್ಟಿ ಓದುವ ಕನ್ನಡ ಬ್ರೈಲ್ ಬೇಕೇ ಬೇಕು.

ಕೆಲವು ಪದ ಗುರುತು ಸಿಕ್ಕ ಮೇಲೆ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುವ 1ನೇ ಹಂತದ ಕನ್ನಡ ಕಥೆ ತೆಗೆಯಿರಿ. ಫೋನ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ, ಮುಟ್ಟಿದ ಬರಹವನ್ನು ಓದಿ ಹೇಳುವ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿ, ಕನ್ನಡ ದನಿ ಡೌನ್‌ಲೋಡ್ ಮಾಡಿ, ವೇಗ ಕಡಿಮೆ ಇಡಿ. ಪಕ್ಕದಲ್ಲಿ ನೀವೂ ಕೂತಿರಬೇಕು. ಸುಮ್ನೆ ಫೋನ್ ಕೊಟ್ಟು ಎದ್ದುಹೋದರೆ ಮಗು ಕಾರ್ಟೂನ್ ನೋಡುತ್ತದೆ, ಅಷ್ಟೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸೇಡಂ, ಸುರಪುರ, ಭಾಲ್ಕಿ, ನಿಮ್ಮದು ಯಾವ ತಾಲ್ಲೂಕೇ ಆಗಲಿ, ಶಿಕ್ಷಣ ಇಲಾಖೆಯ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ, ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಶಾಲೆಗೆ ಹೋಗಲಾಗದ ಮಗುವಿದ್ದರೆ ಗೃಹಾಧಾರಿತ ಶಿಕ್ಷಣದ, ಅಂದರೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯ ಬಗ್ಗೆಯೂ ವಿಚಾರಿಸಿ. ಹೋಗುವಾಗ ಆ ವಿಡಿಯೊ ಆಲ್ಬಮ್ ತೋರಿಸಿ, ಮಗು ಯಾವ ಪದ ಗುರುತಿಸುತ್ತದೆ ಅಂತ ಅವರಿಗೂ ಅಲ್ಲೇ ಗೊತ್ತಾಗುತ್ತದೆ.