ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ಸುಸ್ತು: ಕಾಯಿಲೆಯವರ ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವವರ, ಡಯಾಲಿಸಿಸ್‌ಗೆ ಹೋಗುವವರ, ಹೃದಯ ದುರ್ಬಲವಾದವರ ಸುಸ್ತು ಮಲಗೆದ್ದರೆ ಹೋಗುವಂಥದ್ದಲ್ಲ. ಹಗಲಿಡೀ ಹಾಸಿಗೆ ಹಿಡಿದರೆ ರಾತ್ರಿ ನಿದ್ದೆಯೂ ಕೆಡುತ್ತದೆ, ಕಾಲಿನ ಕಸುವೂ ಇಳಿಯುತ್ತದೆ. ನಿದ್ದೆ ಮಾತ್ರೆ ಕೇಳುವ ಮೊದಲು ನಿದ್ದೆ ಕೆಡಿಸುತ್ತಿರುವುದು ಏನೆಂದು ಪತ್ತೆ ಮಾಡಿ.

ಮೊದಲು ಒಂದು ವಾರ ಬರೆದಿಡಿ. ಮಲಗಿದ್ದು ಎಷ್ಟೊತ್ತಿಗೆ, ಎಚ್ಚರವಾದದ್ದು ಯಾಕೆ (ನೋವೋ, ಮೂತ್ರವೋ, ತುರಿಕೆಯೋ, ಉಸಿರೋ), ಯಾವ ಮಾತ್ರೆ ಎಷ್ಟು ಗಂಟೆಗೆ, ಸುಸ್ತಿಗೆ ಹತ್ತರಲ್ಲಿ ಎಷ್ಟು ಅಂಕ. ಕೋಲಾರದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆವರೆಗೆ ಹೋಗಿ 'ನಿದ್ದೆ ಬರಲ್ಲ ಸಾರ್' ಎಂದಷ್ಟೇ ಹೇಳಿದರೆ ಪ್ರಯೋಜನ ಕಡಿಮೆ. ಈ ಹಾಳೆ ಮುಂದಿಡಿ.

ಆಮೇಲೆ ಮಾತ್ರೆಯ ಹೊತ್ತು ನೋಡಿ. ಎಷ್ಟೋ ಮನೆಗಳಲ್ಲಿ ಉತ್ತರ ಇಲ್ಲೇ ಸಿಗುತ್ತದೆ. ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಸ್ಟೀರಾಯ್ಡನ್ನು ರಾತ್ರಿ ಊಟದ ನಂತರ ನುಂಗಿದರೆ ಕಣ್ಣು ಮುಚ್ಚುವುದೇ ಕಷ್ಟ. ದಿನದ ಎರಡನೇ ಡೋಸನ್ನು ಮಧ್ಯಾಹ್ನ 2ರೊಳಗೆ ಮುಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಸಂಜೆ ತಡವಾಗಿ ತಗೊಂಡರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ, ಜೊತೆಗೆ ಬೀಳುವ ಭಯ. ಬೆಳಗಿನ ಜಾವ 3ಕ್ಕೆ ನೋವಿನಿಂದ ಎದ್ದರೆ, ರಾತ್ರಿಯ ಮಾತ್ರೆಯ ಪ್ರಭಾವ ಅಷ್ಟರಲ್ಲಿ ಮುಗಿದಿರಬಹುದು. ಡಯಾಲಿಸಿಸ್‌ನವರಿಗೆ ಮಲಗಿದೊಡನೆ ಕಾಲು ಆಡಿಸಲೇಬೇಕೆನಿಸುವ ಚಡಪಡಿಕೆ ಇದ್ದರೆ ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ತುರಿಕೆಗೆ ಕೊಡುವ ಅವಿಲ್‌ನಂಥ ಮಾತ್ರೆ ಕೆಲವರಲ್ಲಿ ಇದನ್ನು ಹೆಚ್ಚಿಸುತ್ತದೆ. ಯಾವುದನ್ನೂ ನೀವೇ ಬದಲಿಸಬೇಡಿ, ನಿಲ್ಲಿಸಬೇಡಿ.

ಇನ್ನು ಮನೆ. ರೇಷ್ಮೆ ಹುಳು ಸಾಕುವ ಕಡೆ ರಾತ್ರಿ ಸೊಪ್ಪು ಹಾಕಲು ಲೈಟು ಉರಿಯುತ್ತದೆ, ಕರೆಂಟ್ ಬಂತೆಂದು ಮೋಟರ್ ಹಾಕಲು ಯಾರೋ ಏಳುತ್ತಾರೆ. ಕಾಯಿಲೆಯವರ ಹಾಸಿಗೆ ಹುಳುಮನೆಯಿಂದ, ಬಾಗಿಲಿನಿಂದ ದೂರವಿರಲಿ, ಬಚ್ಚಲಿಗೆ ಹತ್ತಿರವಿರಲಿ. ಮಧ್ಯಾಹ್ನದ ನಂತರ ಟೀ, ಕಾಫಿ ಬೇಡ. ಹಗಲು ನಿದ್ದೆ ಮಧ್ಯಾಹ್ನ 3ರೊಳಗೆ ಮುಗಿಯಲಿ, ಅರ್ಧ ಗಂಟೆ ಸಾಕು. ಬೆಳಗ್ಗೆ ಏಳುವ ಹೊತ್ತು ಮಾತ್ರ ದಿನವೂ ಒಂದೇ ಇರಲಿ.

ಸುಸ್ತಿಗೆ ಮದ್ದು ನಡಿಗೆ, ಕೇಳಿದವರಿಗೆ ಕೋಪ ಬಂದರೂ ಸರಿ. ವೈದ್ಯರನ್ನು ಕೇಳಿ ಜಗುಲಿಯಿಂದ ಬೀದಿ ಕೊನೆಯವರೆಗೆ, 5 ನಿಮಿಷದಿಂದ ಶುರು ಮಾಡಿ; ಮರುದಿನ ಹೆಚ್ಚು ದಣಿವಾಗದಿದ್ದರೆ ಒಂದೆರಡು ನಿಮಿಷ ಸೇರಿಸಿ. ಚೆನ್ನಾಗಿರುವ ದಿನ ಎಲ್ಲ ಕೆಲಸ ಮುಗಿಸಿಬಿಡೋಣ ಎಂದು ಹೊರಟವರು ಮುಂದಿನ ಎರಡು ದಿನ ಮಲಗುತ್ತಾರೆ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಇಡಿ; ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಕೂತೇ ಆಗಲಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ.

ಚಿಂತೆಯಿಂದಲೇ ನಿದ್ದೆ ಹಾರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಉಚಿತ.

ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು ಹೊಸದಾಗಿ ಶುರುವಾದರೆ, ಕೀಮೋ ನಂತರ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯಬೇಡಿ. ಹಗಲು ಮಂಪರು, ರಾತ್ರಿ ಬಡಬಡಿಕೆ, ಮನೆಯವರ ಗುರುತೂ ಹತ್ತದಿರುವುದು ನಿದ್ದೆಗೇಡಲ್ಲ. ಸೋಂಕು, ರಕ್ತದಲ್ಲಿ ಸೋಡಿಯಂ ಏರುಪೇರು, ಎಷ್ಟೋ ಸಲ ಬರೀ ಮಲಬದ್ಧತೆಯಿಂದಲೂ ಹೀಗಾಗುತ್ತದೆ. ಆಗ ಮನೆಯಲ್ಲಿರುವ ನಿದ್ದೆ ಮಾತ್ರೆ ಕೊಟ್ಟರೆ ಗೊಂದಲ ಇನ್ನೂ ಹೆಚ್ಚಾಗಬಹುದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.