ಕಡಲ ನೀರಿನ ನೈಟ್ರೇಟ್ ಅಳತೆ: ಕೆಡುವುದು ಬಾಟಲಿಯಲ್ಲಿ, ಕಾಲಮ್‌ನಲ್ಲಿ

ಕರಾವಳಿ ನೀರಿನ ನೈಟ್ರೈಟ್, ನೈಟ್ರೇಟ್, ಅಮೋನಿಯ ಮೂರಕ್ಕೂ ನಾನು ಬಣ್ಣ ಬರಿಸಿ, ಬಣ್ಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ ಓದುವ ವಿಧಾನವನ್ನೇ ನೆಚ್ಚಿಕೊಂಡಿದ್ದೇನೆ. ಯಂತ್ರ ತಪ್ಪು ಹೇಳುವುದು ಕಡಿಮೆ. ಅದಕ್ಕೆ ಮುಂಚೆಯೇ ಅಳತೆ ಕೆಟ್ಟಿರುತ್ತದೆ.

ಪಾಲಿಎಥಿಲೀನ್ ಬಾಟಲಿಗಳನ್ನು 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡೀ ರಾತ್ರಿ ನೆನೆಸಿ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆಯುತ್ತೇನೆ. ನೈಟ್ರಿಕ್ ಆಮ್ಲವನ್ನು ಈ ಕೆಲಸದ ಹತ್ತಿರಕ್ಕೂ ತರಬಾರದು. ಸ್ಯಾಂಪಲ್ಲನ್ನು ಜಿಎಫ್/ಎಫ್ ಗಾಜುನಾರಿನ ಫಿಲ್ಟರ್‌ನಲ್ಲಿ ಸೋಸುವಾಗ ವ್ಯಾಕ್ಯೂಮ್ ಮೆಲ್ಲಗಿರಲಿ. ಜೋರಾಗಿ ಎಳೆದರೆ ಸೂಕ್ಷ್ಮಸಸ್ಯಗಳ ಕೋಶ ಒಡೆದು ಒಳಗಿನ ಅಮೋನಿಯ ನೀರಿಗೆ ಸೇರುತ್ತದೆ. ಅಮೋನಿಯ ಅವತ್ತೇ ಅಳೆಯಬೇಕು. ಉಳಿದವು −20 ಡಿಗ್ರಿಯಲ್ಲಿ ಇರಬಹುದು. ಬಾಟಲಿ ಮುಕ್ಕಾಲು ಮಾತ್ರ ತುಂಬಿ, ನೆಟ್ಟಗೆ ನಿಲ್ಲಿಸಿ. ತುಂಬಿದ್ದು ಹಿಗ್ಗಿದಾಗ ಇನ್ನೂ ಗಟ್ಟಿಯಾಗದ ಉಪ್ಪುನೀರು ಮುಚ್ಚಳದಿಂದ ಒಸರುತ್ತದೆ; ನೈಟ್ರೇಟ್ ಇರುವುದೂ ಅದರಲ್ಲೇ. ಕರಗಿಸಿದ ಮೇಲೆ ಚೆನ್ನಾಗಿ ಕುಲುಕಿಯೇ ತೆಗೆಯಬೇಕು.

ನೈಟ್ರೈಟ್ ಸುಲಭ. 50 ಮಿ.ಲೀ.ಗೆ ಆಮ್ಲದಲ್ಲಿ ಕರಗಿಸಿದ 1% ಸಲ್ಫನಿಲಮೈಡ್ 1 ಮಿ.ಲೀ. ಹಾಕಿ, 2ರಿಂದ 8 ನಿಮಿಷದೊಳಗೆ ಗುಲಾಬಿ ಬಣ್ಣ ಬರಿಸುವ ಎನ್‌ಇಡಿ (ನ್ಯಾಫ್ಥೈಲ್ ಎಥಿಲೀನ್‌ಡೈಅಮೈನ್) 0.1% ದ್ರಾವಣ 1 ಮಿ.ಲೀ. ಸೇರಿಸಿ. 10 ನಿಮಿಷ ಬಿಟ್ಟು, 2 ಗಂಟೆಯೊಳಗೆ 543 ನ್ಯಾನೋಮೀಟರ್‌ನಲ್ಲಿ ಓದಿ. ಲೀಟರಿಗೆ 1 ಮೈಕ್ರೊಮೋಲ್ ಇದ್ದರೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ (ಸ್ಯಾಂಪಲ್ ಹಿಡಿಯುವ ಪಾರದರ್ಶಕ ಪಾತ್ರೆ) ಬೆಳಕಿನ ಹೀರಿಕೆ ಸುಮಾರು 0.05 ಮಾತ್ರ ಬರುತ್ತದೆ; ಹಾಗಾಗಿ ನೈಟ್ರೈಟ್‌ಗೆ 5 ಸೆಂ.ಮೀ. ಕ್ಯುವೆಟ್ ಬೇಕೇ ಬೇಕು. ನದೀಮುಖದ ಕಂದು ನೀರಾದರೆ ಎನ್‌ಇಡಿ ಹಾಕದ ಒಂದು ಪಾಲನ್ನೂ ಓದಿ ಕಳೆಯಿರಿ.

ನೈಟ್ರೇಟ್ ಅಳೆಯಲು ಅದು ಮೊದಲು ಕ್ಯಾಡ್ಮಿಯಂ ಕಾಲಮ್‌ನಲ್ಲಿ, ಅಂದರೆ ಕ್ಯಾಡ್ಮಿಯಂ ಹರಳು ತುಂಬಿದ ಕೊಳವೆಯಲ್ಲಿ, ನೈಟ್ರೈಟ್ ಆಗಬೇಕು. ಆಮ್ಲದಲ್ಲಿ ತೊಳೆದ ಹರಳುಗಳನ್ನು 2% ಮೈಲುತುತ್ತದ ದ್ರಾವಣದಲ್ಲಿ, ನೀಲಿ ಮಾಸಿ ಹರಳಿನ ಮೇಲೆ ತಾಮ್ರ ಕೂರುವ ತನಕ ಅಲುಗಾಡಿಸಿ, ಗಾಳಿಗೆ ತೆರೆಯದೆ ತುಂಬುತ್ತೇನೆ. 100 ಮಿ.ಲೀ. ಸ್ಯಾಂಪಲ್‌ಗೆ ಗಾಢ ಅಮೋನಿಯಂ ಕ್ಲೋರೈಡ್ 2 ಮಿ.ಲೀ. ಬೆರೆಸಿ, ನಿಮಿಷಕ್ಕೆ 8–10 ಮಿ.ಲೀ.ನಂತೆ ಹರಿಸಿ. ಮೊದಲ 40 ಮಿ.ಲೀ. ಚೆಲ್ಲಿ, ಮುಂದಿನ 50ನ್ನು ಹಿಡಿದು 15 ನಿಮಿಷದೊಳಗೆ ಬಣ್ಣ ಬರಿಸಿ. ವೇಗ ಹೆಚ್ಚಾದರೆ ನೈಟ್ರೇಟ್ ಪೂರ್ತಿ ಬದಲಾಗುವುದಿಲ್ಲ. ತೀರಾ ನಿಧಾನವಾದರೆ ನೈಟ್ರೈಟೇ ಮುಂದಕ್ಕೆ ಅಪಕರ್ಷಣೆಗೊಂಡು (ಆಮ್ಲಜನಕ ಕಳೆದುಕೊಂಡು) ಕೈತಪ್ಪುತ್ತದೆ. ಎರಡರಲ್ಲೂ ಅಂಕಿ ಕಡಿಮೆ ಬರುವುದರಿಂದ ಗೊತ್ತೇ ಆಗುವುದಿಲ್ಲ.

ಅದಕ್ಕೇ ಪ್ರತಿ ಸರದಿಯಲ್ಲೂ 10 ಮೈಕ್ರೊಮೋಲ್ ನೈಟ್ರೇಟನ್ನು ಕಾಲಮ್ ದಾಟಿಸಿ, ಕಾಲಮ್ ಕಾಣದ 10 ಮೈಕ್ರೊಮೋಲ್ ನೈಟ್ರೈಟ್‌ನೊಂದಿಗೆ ಹೋಲಿಸುತ್ತೇನೆ. ಮೂಲ ದ್ರಾವಣ: ಒಣಗಿಸಿದ ಪೊಟಾಸಿಯಂ ನೈಟ್ರೇಟ್ ಲೀಟರಿಗೆ 1.011 ಗ್ರಾಂ, ಸೋಡಿಯಂ ನೈಟ್ರೈಟ್ 0.690 ಗ್ರಾಂ, ಎರಡೂ 10 ಮಿಲಿಮೋಲ್. ನೈಟ್ರೇಟ್‌ನ ಅಂಕಿ ನೈಟ್ರೈಟ್‌ನ ಅಂಕಿಯ ಶೇಕಡಾ ಎಷ್ಟು ಎಂಬುದೇ ಕಾಲಮ್‌ನ ಫಲ; ಅದು 95%ಕ್ಕಿಂತ ಇಳಿದರೆ ಕಾಲಮ್ ಬಿಚ್ಚಿ ಮತ್ತೆ ತಾಮ್ರ ಲೇಪಿಸಬೇಕು. ಗಾಳಿಗುಳ್ಳೆ, ಎಣ್ಣೆ, ಕೆಸರಿನಿಂದ ಬಂದ ಹೈಡ್ರೋಜನ್ ಸಲ್ಫೈಡ್ ಇದನ್ನು ಬೇಗ ಕೊಲ್ಲುತ್ತವೆ. ಕಾಲಮ್‌ನಿಂದ ಬಂದ ಒಟ್ಟು ಮೊತ್ತದಿಂದ ನೈಟ್ರೈಟ್ ಕಳೆದು, ಉಳಿದದ್ದನ್ನು ಈ ಫಲದಿಂದ ಭಾಗಿಸಿದರೆ ನೈಟ್ರೇಟ್. ಕ್ಯಾಡ್ಮಿಯಂ ವಿಷ: ಕೈಗವಸು ಹಾಕಿ, ತೊಳೆದ ನೀರನ್ನೂ ಸಿಂಕಿಗೆ ಬಿಡದೆ ಬೇರೆ ಡಬ್ಬಿಯಲ್ಲಿ ಕೂಡಿಡಿ.

ಅಮೋನಿಯ ಇದೇ ಮೇಜಿನ ಮೇಲೆ ಬೇಡ. ಅಮೋನಿಯಂ ಕ್ಲೋರೈಡಿನ ಒಂದು ಹನಿ ಸಾಕು, ಇಡೀ ಸರದಿ ಹಾಳು. 50 ಮಿ.ಲೀ.ಗೆ ಫೀನಾಲ್ 2, ನೈಟ್ರೊಪ್ರಸೈಡ್ 2, ಸಿಟ್ರೇಟ್ ಬೆರೆಸಿದ ಹೈಪೊಕ್ಲೋರೈಟ್ 5 ಮಿ.ಲೀ. ಒಂದಾದ ಮೇಲೊಂದು ಹಾಕಿ, ಮುಚ್ಚಿ, ಒಂದು ಗಂಟೆ ಕತ್ತಲಲ್ಲಿಟ್ಟು 640 ನ್ಯಾನೋಮೀಟರ್‌ನಲ್ಲಿ ಓದುತ್ತೇನೆ. ಸಿಟ್ರೇಟ್ ಇಲ್ಲದಿದ್ದರೆ ಕಡಲ ನೀರಿನ ಮೆಗ್ನೀಸಿಯಂ ಬಿಳಿ ಗಸಿಯಾಗಿ ತಳದಲ್ಲಿ ಕೂರುತ್ತದೆ. ಸ್ಯಾಂಪಲ್ ಬದಲು ಶುದ್ಧ ನೀರಿಟ್ಟ ಬ್ಲ್ಯಾಂಕ್‌ನಲ್ಲೇ ನೀಲಿ ಕಂಡರೆ ಮೊದಲು ಶುದ್ಧ ನೀರನ್ನೇ ಅನುಮಾನಿಸಿ. ಅಮೋನಿಯ ಎಷ್ಟಿದೆಯೆಂದು ಗೊತ್ತಿರುವ ಸ್ಟ್ಯಾಂಡರ್ಡ್‌ನಲ್ಲಿ ನೀಲಿ ಮಂಕಾಗಿದ್ದರೆ ಹೈಪೊಕ್ಲೋರೈಟ್ ಹಳತಾಗಿದೆ, ಹೊಸದು ತೆರೆಯಿರಿ.